ನಾನು ಕಡಿದ ಅರ್ಧ ಸಾಲುಗಳು

ಒಂದು ಸಂಗತಿಯನ್ನು ಎರಡು ಸಲ ಹೇಳಬಾರದು. ಪತ್ರಿಕೆಯ ಡೆಸ್ಕಿನಲ್ಲಿ ನಾನು ಕಲಿತ ಮೊದಲ ಪಾಠ ಅದು. ಆಮೇಲೆ ಬಂದವರಿಗೆ ಕಲಿಸಿದ್ದೂ ಅದನ್ನೇ. ಮಕ್ತಲಿನ ಟೀಚರಮ್ಮನವರ ಹಸ್ತಪ್ರತಿ ನಾರಾಯಣಪೇಟೆಯ ನನ್ನ ಮನೆಗೆ ಬಂದಾಗ ಅದೇ ಪಾಠವನ್ನು ಅದಕ್ಕೂ ಅನ್ವಯಿಸಿದೆ.

ಅವರು ನನಗೆ ಶಾಲೆಯಲ್ಲಿ ಕನ್ನಡ ಹೇಳಿಕೊಟ್ಟವರು. ಹರೆಯದಲ್ಲಿ ಕ್ರೈಸ್ತ ಧರ್ಮಶಾಸ್ತ್ರ ಕಲಿಸುವ ಸೆಮಿನರಿಯಲ್ಲಿ ಒಂದಿಷ್ಟು ಹೀಬ್ರೂ ಕಲಿತಿದ್ದರು. ನಿವೃತ್ತಿಯ ಮೇಲೆ ಆ ಭಾಷೆಯ ಪ್ರಾಚೀನ ಭಕ್ತಿಗೀತೆಗಳನ್ನು ತೆಲುಗು ನಾಡಿನ ಅಂಚಿನ ಈ ಸೀಮೆಯ ಕನ್ನಡಕ್ಕೆ ತರುತ್ತ ಕುಳಿತರು. ಅವರ ಚರ್ಚಿನಲ್ಲಿ ಈಗ ಹಾಡು, ಪ್ರಾರ್ಥನೆ ಎಲ್ಲ ತೆಲುಗಿನಲ್ಲೇ. ಒಂದು ಭಾನುವಾರವಾದರೂ ಕನ್ನಡದಲ್ಲಿ ಓದಿಸಬೇಕು, ಅದನ್ನು ಕೂತು ಕೇಳಬೇಕು ಎಂಬುದಷ್ಟೇ ಅವರ ಆಸೆ. ಪಾದ್ರಿಯವರು ಒಂದು ಭಾನುವಾರ ಕೊಟ್ಟಿದ್ದರು. ಆದರೆ ಅಷ್ಟರಲ್ಲಿ ಟೀಚರಮ್ಮನ ದೃಷ್ಟಿ ಹೋಗಿತ್ತು, ಪ್ರೂಫ್ ನೋಡುವಂತಿರಲಿಲ್ಲ.

"ನೀ ಪೇಪರಿನಾಂವ. ತಪ್ಪಿದ್ರ ತಿದ್ದಿ ಗದ್ವಾಲ ಪ್ರೆಸ್ಸಿಗೆ ಕೊಡು," ಎಂದು ಫೋನಿನಲ್ಲಿ ಹೇಳಿದರು.

ಓದಿದೆ. ಪ್ರತಿ ಸಾಲೂ ನಡುವೆ ಎರಡು ತುಂಡಾಗಿತ್ತು. ಮೊದಲ ತುಂಡಿನಲ್ಲಿ ಬಂಡೆ, ಎರಡನೆಯದರಲ್ಲಿ ಕೋಟೆ. ಮೊದಲನೆಯದರಲ್ಲಿ ಬಾಯಾರಿಕೆ, ಎರಡನೆಯದರಲ್ಲಿ ಬಿರುಕುಬಿಟ್ಟ ನೆಲ. ಕುರುಬ ಬಂದರೆ ಹಿಂದೆಯೇ ಹಟ್ಟಿ. ವಯಸ್ಸಾದವರು ಹೇಳಿದ್ದನ್ನೇ ಹೇಳುತ್ತಾರೆ ಎಂದುಕೊಂಡೆ. ಎರಡನೆಯ ತುಂಡುಗಳನ್ನೆಲ್ಲ ಹೊಡೆದುಹಾಕಿದೆ. ಪುಸ್ತಿಕೆ ಅರ್ಧಕ್ಕಿಳಿಯಿತು. ಆಗ ನನಗೆ ತೃಪ್ತಿಯಾಗಿತ್ತು, ಅದನ್ನೂ ದಾಖಲಿಸಬೇಕು. ಉಳಿದದ್ದನ್ನು ನಾನೇ ಟೈಪ್ ಮಾಡಿ ಕಳಿಸಿ, ಡೆಸ್ಕಿನ ಅಭ್ಯಾಸದಂತೆ ಹಸ್ತಪ್ರತಿಯನ್ನು ಹರಿದು ಬುಟ್ಟಿಗೆ ಹಾಕಿದೆ.

ಆ ವಾರವೇ ಅವರು ಕೇಳಿದರು: "ಏನರ ತಗದೇನು?"

"ಕಾಗುಣಿತ ಅಷ್ಟರೀ, ಟೀಚರಮ್ಮ."

ಸುಳ್ಳೆಂದು ಹೇಳುವಾಗಲೇ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಮಕ್ತಲಿಗೆ ಹೋದೆ. ಚರ್ಚಿನಲ್ಲಿ ಹೆಂಗಸರು ಒಂದು ಕಡೆ, ಗಂಡಸರು ಎದುರು ಕಡೆ. ಅಲ್ಲಿನ ಓದುವ ಪದ್ಧತಿ ನನಗೆ ಗೊತ್ತಾದದ್ದು ಅವತ್ತೇ. ಸಾಲಿನ ಮೊದಲರ್ಧ ಹೆಂಗಸರದು, ಉಳಿದರ್ಧದಿಂದ ಉತ್ತರಿಸುವುದು ಗಂಡಸರ ಪಾಲು. ಹೆಂಗಸರು ಮೊದಲ ಸಾಲು ಓದಿ ನಿಲ್ಲಿಸಿದರು. ಗಂಡಸರು ಆಗತಾನೇ ಕೈಗೆ ಬಂದ ಪುಸ್ತಿಕೆಯಲ್ಲಿ ಹುಡುಕತೊಡಗಿದರು.

"ನಮ್ಮದು ಎಲ್ಲೈತಿ?" ಎಂದ ಸೈಕಲ್ ಅಂಗಡಿಯ ಮುದುಕ.

"ಇವರ ಬಾಯಿ ಮುಚ್ಚಸಾಕ ಇಷ್ಟು ವರ್ಷ ಬೇಕಾತು ನೋಡ್ರೆವ್ವಾ," ಎಂದಳು ಎದುರಿನಿಂದ ಅವನ ಹೆಂಡತಿ. ಎಲ್ಲರೂ ನಕ್ಕರು.

ಮುಂದಿನ ಕುರ್ಚಿಯಲ್ಲಿದ್ದ ಟೀಚರಮ್ಮ ನಗಲಿಲ್ಲ. ಕಾಣೆಯಾದ ಅರ್ಧವನ್ನು ತಾವೇ ಹೇಳಿದರು. ಮುಂದಿನ ಸಾಲಿಗೂ ಹಾಗೆಯೇ. ಅಷ್ಟು ಹೆಂಗಸರಿಗೆ ಎದುರಾಗಿ ಅವರೊಬ್ಬರದೇ ದನಿ. ಹೆಂಗಸರು ಬಾಯಾರಿಕೆ ಎಂದಾಗ ಅದು ಒಬ್ಬ ಮನುಷ್ಯನ ಗಂಟಲಲ್ಲಿತ್ತು. ಟೀಚರಮ್ಮ ಬಿರುಕುಬಿಟ್ಟ ನೆಲದ ಮಾತು ಹೇಳಿದ ಮೇಲೆ ಊರಿಗೆ ಊರೇ ಒಣಗಿ ನಿಂತಂತಾಯಿತು. ನಾನು ಕಡಿದದ್ದು ಏನೆಂದು ಆಗ ತಿಳಿಯಿತು. ಎರಡನೆಯ ಗೀತೆಯ ನಡುವೆ, ಮುಂದಿನ ಅರ್ಧ ನೆನಪಾಗದೆ ಅವರ ದನಿ ನಿಂತಿತು. ಪಾದ್ರಿಯವರು ಒಂದು ತೆಲುಗು ಹಾಡು ಎತ್ತಿದರು.

"ಗದ್ವಾಲದ ಪ್ರೆಸ್ಸಿನಾಂವ ನುಂಗ್ಯಾನ," ಎಂದು ಟೀಚರಮ್ಮ ಹೊರಗೆ ಎಲ್ಲರಿಗೂ ಹೇಳಿದರು. ನಾನು ಪಕ್ಕದಲ್ಲೇ ಇದ್ದೆ.

ಕೆಲವು ದಿನ ಬಿಟ್ಟು ನೋಟ್‌ಬುಕ್ ಹಿಡಿದು ಅವರ ಮನೆಗೆ ಹೋದೆ. ಅವರು ನೆನಪಿನಿಂದ ಹೇಳಿದರು, ನಾನು ಬರೆದುಕೊಂಡೆ. ಒಂದು ಪುಟ ಮುಗಿದ ಮೇಲೆ ಹೇಳಿದೆ: "ಪ್ರೆಸ್ಸಿನಾಂವ ಅಲ್ಲರೀ. ನಾನೇ ತಗದೀನಿ."

"ಗೊತ್ತೈತಿ. ಪ್ರೆಸ್ಸಿನಾಂವ ಆಗಿದ್ರ ಅಲ್ಲೊಂದು ಇಲ್ಲೊಂದು ಬಿಡತಿದ್ದ. ಇಷ್ಟು ನೀಟಾಗಿ ಕಡಿಯಾಕ ಕಲತಾಂವನೇ ಬೇಕು."

"ಮತ್ತ ಅವರ ಮುಂದ ಯಾಕ ಹಂಗ..."

"ನನ್ನ ಕೈಯಾಗ ಕಲತಾಂವನೇ ಕಡದಾನ ಅಂತ ಹ್ಯಾಂಗ ಹೇಳ್ಲಿ? ಇರಲಿ. ನಾ ಬರದಿದ್ದ ಕಾಗದ ಅದಾವೇನು?"

ಹರಿದೆ ಎಂದೆ. ಅವರು ಮುಂದಿನ ಸಾಲು ಹೇಳತೊಡಗಿದರು.

ಕೆಲವು ಸಾಲುಗಳ ಉತ್ತರಾರ್ಧ ಅವರಿಗೆ ನೆನಪಾಗಲೇ ಇಲ್ಲ. "ನೀನೇ ಹಾಕು," ಎಂದರು. ಒಂದನ್ನು ಬರೆದು ಓದಿ ತೋರಿಸಿದೆ.

"ನೀ ಅದನ್ನೇ ಮತ್ತೊಮ್ಮೆ ಹೇಳೀದಿ. ಎರಡನೇದು ಒಂದು ಹೆಜ್ಜಿ ಮುಂದ ಬರಬೇಕಲೇ," ಎಂದರು. ಬರೆದದ್ದನ್ನು ಹೊಡೆದುಹಾಕಿದೆ.

ಹೊಸ ಪ್ರತಿಯಲ್ಲಿ ಆ ಜಾಗಗಳನ್ನು ಖಾಲಿ ಬಿಟ್ಟಿದ್ದೇನೆ. ಪಾದ್ರಿಯವರು ಇನ್ನೊಂದು ಭಾನುವಾರ ಕೊಟ್ಟಿದ್ದಾರೆ. ಖಾಲಿ ಬಿಟ್ಟದ್ದು ಯಾಕೆಂದು ಪ್ರೆಸ್ಸಿನವನು ಕೇಳಿದ. ಪತ್ರಿಕೆಯಲ್ಲಿ ತಿದ್ದುಪಡಿ ಹಾಕುವ ಹಾಗೆ, ಕಡಿದವನು ನಾನೆಂದು ಹೆಸರಿನ ಸಮೇತ ಎರಡು ಸಾಲು ಬರೆದು ಕೊನೆಯ ಪುಟಕ್ಕೆ ಕಳಿಸಿದ್ದೇನೆ. ಟೀಚರಮ್ಮನಿಗೆ ಆ ಎರಡು ಸಾಲನ್ನು ಇನ್ನೂ ಓದಿ ಹೇಳಿಲ್ಲ.