ಮಂಜುಗಡ್ಡೆಯ ಉಳವಪ್ಪ
ನಾರ್ವೆ ದೇಶದ ಓಲಾವ್ ಬಾವಿ ಕೊರೆಯುವ ಯಂತ್ರದೊಂದಿಗೆ ಹಾನಗಲ್ಲಿಗೆ ಬಂದ ವಾರದಲ್ಲೇ ನಮ್ಮವರ ಬಾಯಲ್ಲಿ ಉಳವಪ್ಪನಾದ. ಮಂಜುಗಡ್ಡೆಯ ಮೇಲಿನ ಹಾಕಿ ಆಟಕ್ಕೆ ಲಂಡನ್ನಿನಲ್ಲಿ ಮೂರು ವರ್ಷ ಪಗಾರ ಪಡೆದವನು. ಮೊಣಕಾಲು ಮುರಿದ ಮೇಲೆ ಈ ಕೆಲಸ ಹಿಡಿದಿದ್ದ. ವರ್ಷದೊಳಗೆ ನಮ್ಮ ಮಾತನ್ನೂ ಕಲಿತ. ಕಟ್ಟೆಯ ಮೇಲೆ ಕೂತರೆ ಸಾಕು, ತುಂಬಿದ ಚಹದ ಬಟ್ಟಲನ್ನು ಕೋಲಿನಿಂದ ತಳ್ಳುತ್ತ ಆಟ ತೋರಿಸುವನು. ಒಂದು ಹನಿಯೂ ಚೆಲ್ಲದು. ಅವನಿಗೆ ರೊಟ್ಟಿ ಮಾಡಿಕೊಡುವ ಶಿವಬಸವ್ವ ದಿನಾ ಕೇಳುವಳು: "ನೀರಿನ ಮ್ಯಾಲ ಹೆಂಗ ಓಡ್ತಿದ್ಯೋ ಯಪ್ಪಾ?" "ನಮ್ಮೂರಾಗ ಚಳಿಗಾಲಕ್ಕ ನೀರು ಕಲ್ಲಾಗಿರ್ತಿತ್ರಿ ಅವ್ವಾ. ಕೆರಿ ಮ್ಯಾಲ ಚಕ್ಕಡಿ ಹೊಡೀಬಹುದು," ಎನ್ನುವನು. ನಮಗೆ ನಂಬಿಕೆ ಬರಲಿಲ್ಲ, ಕೇಳುವುದನ್ನೂ ಬಿಡಲಿಲ್ಲ. ೧೯೪೦ರ ಏಪ್ರಿಲ್‌ನಲ್ಲಿ ಜರ್ಮನಿಯ ದಂಡು ಅವನ ನಾಡಿಗೆ ನುಗ್ಗಿತೆಂದು ಪತ್ರಿಕೆಯಲ್ಲಿ ಬಂತು. ಅಂದು ಯಾರೂ ಆಟದ ಮಾತೆತ್ತಲಿಲ್ಲ. ಅವನೇ, ಲಂಡನ್ನಿಗೆ ಹೋಗುವ ಮೊದಲು ತನ್ನೂರಿನಲ್ಲಿ ಜೊತೆಗೆ ಆಡಿದ ಐವರ ಹೆಸರನ್ನು ಒಂದೊಂದಾಗಿ ಹೇಳತೊಡಗಿದ. ಅಲ್ಲಿಯವರೆಗೆ ಅವನು ಒಬ್ಬನೇ ಆಡುತ್ತಿದ್ದನೆಂದೇ ನಾವು ತಿಳಿದಿದ್ದೆವು. "ಎಲ್ಲಾರೂ ಆರಾಮ ಅದಾರೇನಪಾ?" ಎಂದಳು ಶಿವಬಸವ್ವ. "ಗೊತ್ತಿಲ್ರಿ ಅವ್ವಾ." ಆಕೆ ಹಿಟ್ಟಿನ ಕೈಯಲ್ಲೇ ಬಂದು ಅವನ ಹತ್ತಿರ ಕೂತಳು. "ಇನ್ನೊಮ್ಮೆ ಹೇಳು, ಸಾವಕಾಶ. ಅವರ ಹೆಸರು ನಾನೂ ಕಲೀತೇನಿ."