ಸೌಂಡ್ ಕಾರ್ಡ್ ತಂದ ಬೇಸಿಗೆ

ಚಿತ್ತಾಪುರದ ನಮ್ಮ ಮನೆಗೆ ಕಂಪ್ಯೂಟರ್ ಬಂದಾಗ ಅದರ ಮುಂದೆ ಕೂತು ನಾನು ಓದುವವಳಾಗುತ್ತೇನೆ ಅಂತ ಯಾರೂ ಎಣಿಸಿರಲಿಲ್ಲ. ಅದನ್ನು ತಂದವರು ನಮ್ಮವರು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಪ್ರಶ್ನೆಪತ್ರಿಕೆ ಟೈಪ್ ಮಾಡಲಿಕ್ಕೆ ಬೇಕು ಅಂದಿದ್ದರು. ನಾನು ಪ್ರೈಮರಿ ಶಾಲೆಯ ಕನ್ನಡ ಟೀಚರ್. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ.

ಪಕ್ಕದ ಓಣಿಯಲ್ಲಿ ತನ್ನ ಅಕ್ಕನ ಮನೆಯಲ್ಲಿದ್ದು ಒಬ್ಬ ಹುಡುಗಿ ಬಿ.ಎ. ಓದುತ್ತಿದ್ದಳು. ಊರು ಗುಂಡಗುರ್ತಿ. ಹುಟ್ಟಿನಿಂದಲೇ ಆಕೆಗೆ ಕಣ್ಣು ಕಾಣುತ್ತಿರಲಿಲ್ಲ. ಹತ್ತನೇ ತರಗತಿಯವರೆಗೂ ಹಾಸ್ಟೆಲಿನಲ್ಲಿದ್ದು ಬ್ರೈಲ್ ಕಲಿತು ಪಾಸಾಗಿದ್ದಳು. ಬಿ.ಎ.ಗೆ ಬಂದಮೇಲೆ ಆಕೆಗೆ ಬೇಕಾದ ಒಂದು ಪುಸ್ತಕವೂ ಬ್ರೈಲಿನಲ್ಲಿ ಸಿಗಲಿಲ್ಲ. ಒಂದು ದಿನ ತಾನೇ ಬಂದು ನಮ್ಮ ಕಟ್ಟೆಯ ಮೇಲೆ ಕೂತು ಕೇಳಿದಳು:

"ಅಕ್ಕೋರೆ, ನೀವು ಓದಿ ಟೇಪ್ ಮಾಡಿ ಕೊಡ್ತೀರೇನ್ರಿ? ಯಾರರ ಓದಿದ್ರ ಸಾಕು, ನಾ ನೆನಪಿಟ್ಕೋತೀನಿ."

ಮೊದಲ ವರ್ಷ ಕ್ಯಾಸೆಟ್ಟಿನಲ್ಲೇ ಕಳೆಯಿತು. ಒಂದು ಇತಿಹಾಸದ ಪುಸ್ತಕಕ್ಕೆ ಚೀಲದ ತುಂಬ ಕ್ಯಾಸೆಟ್. ಆಕೆಗೆ ಬೇಕಾದ ಪಾಠ ಎಲ್ಲಿದೆ ಅಂತ ಹುಡುಕಲಿಕ್ಕೆ ಹಿಂದೆ ಮುಂದೆ ಓಡಿಸಿ ಓಡಿಸಿ ಟೇಪು ಎಳೆದುಹೋಗಿ, ನನ್ನ ದನಿ ಕೊನೆಗೆ ಗಂಡಸಿನ ದನಿಯ ಹಾಗಾಗುತ್ತಿತ್ತು. ಆ ಹೊತ್ತಿಗೆ ಆಕೆಯ ಭಾವ ಹೈದರಾಬಾದಿನಿಂದ ಕೈಯಲ್ಲಿ ಹಿಡಿಯುವ ಒಂದು ಸಿಡಿ ಪ್ಲೇಯರ್ ತಂದುಕೊಟ್ಟ. ಅದರಲ್ಲಿ ಎಂಪಿತ್ರೀ ನಡೆಯುತ್ತಿತ್ತು. ಇಡೀ ಪುಸ್ತಕ ಒಂದೇ ಸಿಡಿಯಲ್ಲಿ, ಪಾಠಕ್ಕೊಂದು ಫೈಲು, ಗುಂಡಿ ಒತ್ತಿದರೆ ಮುಂದಿನ ಪಾಠ! ನಮ್ಮವರು ಇದನ್ನು ವಿವರಿಸಿದಾಗ ಆಕೆ ಕೂತಲ್ಲೇ ಚಪ್ಪಾಳೆ ತಟ್ಟಿದಳು.

ಬೇಸಿಗೆ ರಜೆ ಶುರುವಾದ ವಾರವೇ ನಾನು ಹೆಡ್‌ಫೋನಿನ ಮೈಕ್ ಬಾಯಿಗೆ ಹಿಡಿದು ಕೂತೆ. ಫ್ಯಾನಿನ ಸದ್ದು ಬರುತ್ತದೆಂದು ಫ್ಯಾನ್ ಬಂದ್. ನಮ್ಮ ಕಡೆಯ ಬಿಸಿಲು ಗೊತ್ತಿದ್ದವರಿಗೆ ಅದೇನೆಂದು ಹೇಳಬೇಕಾಗಿಲ್ಲ. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಎರಡು ಪಾಠ ಓದಿ ಮುಗಿಸಿದೆ. ನಮ್ಮವರು ಸಿಡಿ ಮಾಡಿಕೊಟ್ಟರು.

ಮಾರನೆಯ ದಿನ ಹುಡುಗಿ ಬಂದಳು. ಏನೋ ಹೇಳಬೇಕು, ಹೇಳಲಾರಳು.

"ಹೇಳವಾ, ಛಲೋ ಬಂದಿಲ್ಲೇನು?" ಅಂದೆ.

"ಭಾಳ ಛಲೋ ಬಂದದ್ರಿ. ಖರೆ ನಿಮ್ಮ ದನಿ ಹಿಂದ ಏನೋ ಅದ. ದೂರ ಎಲ್ಲೋ ಗಿರಣಿ ನಡದಂಗ. ಮ್ಯಾಲ ಒಂದು ಹುಳ ಚಿರ್ ಚಿರ್ ಅಂತದ. ಅರ್ಧ ತಾಸು ಕೇಳಿದ್ರ ತಲಿ ನೋಯಲಿಕತ್ತದ್ರಿ."

ನಮ್ಮವರು ಸ್ಪೀಕರಿನಲ್ಲಿ ಹಾಕಿ ಕೇಳಿದರು. ಏನೂ ಇಲ್ಲ ಅಂದರು. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿದಾಗ ಮಾತ್ರ, ನಾನು ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ, ಸಣ್ಣಗೆ ಗುಂಯ್ ಅನ್ನುವುದು ಕೇಳಿತು. ನಡುನಡುವೆ ಚಿರ್.

"ಈ ಚಿರ್ ಯಾವಾಗ ಬರ್ತದ ಗೊತ್ತದೇನ್ರಿ?" ಹುಡುಗಿ ಕೇಳಿದಳು. "ಕಟ್ ಅಂತ ಗುಂಡಿ ಒತ್ತಿದ ಸಪ್ಪಳ ಕೇಳಸ್ತದಲ್ರಿ, ಅದಕ್ಕೂ ಜರಾ ಮೊದಲ."

ಅದು ಮೌಸ್! ನಾನು ಮೌಸ್ ಸರಿಸಿದಾಗಲೆಲ್ಲ ಆ ಹುಳ ಕೂಗುತ್ತಿತ್ತು. ನಮ್ಮವರ ಮುಖ ನೋಡಬೇಕಿತ್ತು. ಗಣಿತದ ಮೇಷ್ಟ್ರಿಗೆ ಬಿಡಿಸಲಾರದ ಲೆಕ್ಕ ಸಿಕ್ಕರೆ ಹೇಗೋ ಹಾಗೆ ಅರಳಿತ್ತು.

ಒಂದು ವಾರ ಮನೆಯೆಲ್ಲ ಪ್ರಯೋಗಶಾಲೆ. ಮೈಕ್ ಬದಲಾಯಿಸಿದರು. ಟ್ಯೂಬ್‌ಲೈಟ್ ಆರಿಸಿ ಓದಿಸಿದರು. ಕಂಪ್ಯೂಟರಿನ ಡಬ್ಬಿಗೆ ಕೌದಿ ಹೊದಿಸಿದಾಗ ಅತ್ತೆ, "ಈ ಸೆಖಿಯಾಗ ಅದಕ್ಕ ಥಂಡಿ ಹತ್ತೇದೇನೋ?" ಅಂದರು. ಕೊನೆಗೆ ಹಿತ್ತಲಿನಲ್ಲಿ ಕರೆಂಟಿನ ಅರ್ಥಿಂಗ್ ತಂತಿ ಹೂತ ಗುಂಡಿಗೆ ಉಪ್ಪು ಸುರಿದು ಎರಡು ಕೊಡ ನೀರು ಹಾಕಿದರು. ಅಂಥ ಬೇಸಿಗೆಯಲ್ಲಿ ಎರಡು ಕೊಡ ನೀರು ಮಣ್ಣಿಗೆ! ಅತ್ತೆ ಮಾತು ಬಿಟ್ಟರು. ಆದರೆ ಗಿರಣಿ ಅರ್ಧಕ್ಕರ್ಧ ನಿಂತಿತು. ಹುಳ ಮಾತ್ರ ಹೋಗಲಿಲ್ಲ.

"ಬ್ಯಾರೆ ಸೌಂಡ್ ಕಾರ್ಡ್ ಅಂತ ಬರ್ತದಂತ. ಅದನ್ನ ತರ್ರಿ," ಅಂದೆ. ಪತ್ರಿಕೆಯ ಕಂಪ್ಯೂಟರ್ ಪುಟದಲ್ಲಿ ಓದಿದ್ದೆ.

"ಕಂಪ್ಯೂಟರಿನ ಬೋರ್ಡಿನಾಗೇ ಸೌಂಡ್ ಕೊಟ್ಟಾರ. ಮತ್ತ್ಯಾಕ ಕಾರ್ಡು? ಹೆಸರಿಗೆ ರೊಕ್ಕ ತಗೋತಾರ."

"ಆ ಹುಡುಗಿ ದಿನಾ ಆರು ತಾಸು ಕೇಳ್ಬೇಕ್ರಿ. ನೀವು ಕೇಳೂದು ಎರಡು ಹಾಡು."

ಭಾನುವಾರ ಶಹಾಬಾದಿಗೆ ಹೊರಟೆವು. ಹಾಸುಗಲ್ಲು ಮಾರುವ ಅಡ್ಡೆಗಳ ಹತ್ತಿರದ ರಸ್ತೆಯಲ್ಲಿ ಒಂದು ಕಂಪ್ಯೂಟರ್ ಅಂಗಡಿ ಇತ್ತು. ಅಂಗಡಿಯಾತ ದಖ್ಖನಿ ಬೆರೆತ ಕನ್ನಡದ ನೇರ ಮನುಷ್ಯ. ನಮ್ಮವರು ವಿಷಯ ಹೇಳಿದ ಕೂಡಲೇ ತಲೆ ಅಲ್ಲಾಡಿಸಿದ.

"ಸರ್, ಹಾಡು ಕೇಳ್ಲಿಕ್ಕ, ಪಿಚ್ಚರ್ ನೋಡ್ಲಿಕ್ಕ ಆದ್ರ ಬಿಲ್ಕುಲ್ ಬ್ಯಾಡ್ರಿ. ನಿಮ್ಮ ಸ್ಪೀಕರಿಗೆ ಬೋರ್ಡಿಂದೇ ಸಾಕು."

ನಮ್ಮವರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ನಾನು ಮುಂದೆ ಬಂದು ಗಿರಣಿ, ಹುಳ, ಹುಡುಗಿಯ ತಲೆನೋವು ಎಲ್ಲ ಹೇಳಿದೆ. ಆತ ಕುರ್ಚಿಯಿಂದ ಎದ್ದ.

"ರೆಕಾರ್ಡಿಂಗಿಗೇನ್ರಿ ಅಕ್ಕೋರೆ? ಮೊದಲೇ ಹೇಳ್ಬಾರದೇನ್ರಿ! ಅದು ಬ್ಯಾರೆ ಮಾತು. ಬೋರ್ಡಿನ ಮ್ಯಾಲ ಎಲ್ಲಾ ತಂತಿ ಒತ್ತೊತ್ತಿ ಇರ್ತಾವ. ಮೌಸಿನ ಗದ್ದಲ, ಡಿಸ್ಕಿನ ಗದ್ದಲ ಎಲ್ಲಾ ಮೈಕಿನಾಗ ಹೊಕ್ಕೋತದ. ಕಾರ್ಡಿನಾಗ ಅದಷ್ಟು ಹೊಗಂಗಿಲ್ಲ." ಒಳಗೆ ಹೋಗಿ ಬೆಳ್ಳಿ ಬಣ್ಣದ ಕವರಿನಲ್ಲಿದ್ದ, ಅಂಗೈಯಷ್ಟು ದೊಡ್ಡ ಹಸಿರು ಹಲಗೆ ತಂದ. "ಒಯ್ರಿ. ಹಾಕಿ ನೋಡ್ರಿ. ಆ ಹುಡುಗಿ ಬ್ಯಾಡ ಅಂದ್ರ ವಾಪಸ್ ತರ್ರಿ."

ತಿರುಗಿ ಬರುವಾಗ ವಾಡಿ ಸ್ಟೇಷನ್ನಿನಲ್ಲಿ ರೈಲು ಬದಲಾಯಿಸಬೇಕಿತ್ತು, ಪ್ಯಾಸೆಂಜರ್ ತಡವಾಗಿ ಬಂತು. ಅಷ್ಟು ಹೊತ್ತೂ ನಾನು ಆ ಕವರನ್ನು ಹಸುಗೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ನಮ್ಮವರು ನನ್ನನ್ನು ನೋಡಿ ನಕ್ಕರು.

ಮನೆಗೆ ಬಂದು ಕಂಪ್ಯೂಟರಿನ ಡಬ್ಬಿ ಬಿಚ್ಚಿದರೆ ಒಳಗೆ ಬೊಗಸೆ ಧೂಳು. ನಮ್ಮವರು ಬ್ರಶ್ಶಿನಿಂದ ಒರೆಸಿ, ಉಸಿರು ಬಿಗಿಹಿಡಿದು, ಬಿಳಿ ಸಂದಿಯಲ್ಲಿ ಕಾರ್ಡನ್ನು ಒತ್ತಿದರು. ಸಾಫ್ಟ್‌ವೇರ್ ಹಾಕಿದರು. ಮೌನ. ಒಂದು ಹನಿ ಸದ್ದಿಲ್ಲ. ಮತ್ತೆ ಬಿಚ್ಚಿದರು, ಮತ್ತೆ ಒತ್ತಿದರು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಮಾತು ಬಿಟ್ಟಿದ್ದ ಅತ್ತೆ ಹಿಂದೆ ನಿಂತು ನೋಡುತ್ತಿದ್ದವರು ತಡೆಯಲಾರದೆ ಕೇಳಿದರು:

"ಹೊಸಾ ಹಲಗಿ ಹಾಕಿದಿ. ವೈರು ಹಳೇ ತೂತಿನಾಗೇ ಅದಲ್ಲೋ?"

ಹೌದು! ಸ್ಪೀಕರಿನ ವೈರು ಹಳೆಯ ಜಾಗದಲ್ಲೇ ಇತ್ತು. ಅದನ್ನು ಕಿತ್ತು ಕಾರ್ಡಿಗೆ ಸಿಕ್ಕಿಸಿದ್ದೇ ತಡ, ಸ್ಪೀಕರ್ ಒದರಿದ ಸದ್ದಿಗೆ ಮೂವರೂ ಹೌಹಾರಿ ಹಿಂದೆ ಸರಿದೆವು. ಆಮೇಲೆ ನಗಲಿಕ್ಕೆ ಹತ್ತಿದರೆ ಅತ್ತೆಗೆ ಕಣ್ಣಲ್ಲಿ ನೀರು.

ಆದರೆ ನಮ್ಮವರು ಅಷ್ಟಕ್ಕೇ ಒಪ್ಪುವವರಲ್ಲ. ಹಳೆಯ ಸೌಂಡನ್ನೂ ಹಾಗೇ ಉಳಿಸಿಕೊಂಡು, ನನ್ನಿಂದ ಒಂದೇ ಪ್ಯಾರಾವನ್ನು ಆರು ಸಲ ಓದಿಸಿದರು. ಕೆಲವು ಹಳೆಯದರಲ್ಲಿ, ಕೆಲವು ಹೊಸದರಲ್ಲಿ. ಯಾವುದು ಯಾವುದೆಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಂಡರು. ನನಗೂ ತೋರಿಸಲಿಲ್ಲ.

ಹುಡುಗಿ ಬಂದಳು. ಹೆಡ್‌ಫೋನ್ ಹಾಕಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಳು. ಮೊದಲನೆಯದು ಕೇಳಿ, "ಹಳೇದು." ಎರಡನೆಯದು ಶುರುವಾಗಿ ಎರಡು ಶಬ್ದ ಆಗಿತ್ತೋ ಇಲ್ಲವೋ, ಮುಖವೆಲ್ಲ ಬೆಳಗಿತು. "ಅಕ್ಕೋರೆ! ನೀವು ಇಲ್ಲೇ ಬಾಜೂ ಕುಂತಂಗ ಕೇಳಸ್ತದ್ರಿ! ಹಿಂದ ಏನೂ ಇಲ್ಲ!" ಮೂರು, ನಾಲ್ಕು, ಐದು, ಎಲ್ಲವೂ ಸರಿ. ಆರನೆಯದಕ್ಕೆ ತಡೆದಳು. ಮತ್ತೊಮ್ಮೆ ಹಾಕಿಸಿಕೊಂಡಳು. ನಮ್ಮವರ ಮೀಸೆಯ ಕೆಳಗೆ ನಗು ಇಣುಕಿತು.

"ಸರ್, ಇದು ಹಳೇದೇ ಅದ. ಖರೆ ಈ ಸಲ ನೀವು ಮೌಸ್ ಮುಟ್ಟಿಲ್ಲ. ಹೌದಲ್ರಿ?"

ನಮ್ಮವರು ಜೇಬಿನಿಂದ ಚೀಟಿ ತೆಗೆದು ಟೇಬಲಿನ ಮೇಲಿಟ್ಟರು. "ಸೋತೆನವಾ," ಅಂದರು. ಅಷ್ಟು ಸಂತೋಷದಿಂದ ಸೋತವರನ್ನು ನಾನು ನೋಡಿರಲಿಲ್ಲ.

ನ್ಯಾಯ ಪೂರ್ತಿಯಾಗಬೇಕೆಂದು ಆಕೆಯೇ ಇನ್ನೊಂದು ಪರೀಕ್ಷೆ ಕೇಳಿದಳು. ಒಂದು ಭಜನೆಯ ಸಿಡಿಯನ್ನು ಮೊದಲು ಹಳೆಯದರಿಂದ, ಆಮೇಲೆ ಕಾರ್ಡಿನಿಂದ ಹಾಕಿದೆವು. ಆಕೆ ತಲೆ ವಾಲಿಸಿ ಕೇಳಿ, "ಶುರುವಾಗೂದಕ್ಕ ಮೊದಲ ಸ್ವಲ್ಪ ಫರಕ್ ಅದ್ರಿ. ತಾಳ ಶುರುವಾದ ಮ್ಯಾಲ ನನಗೂ ತಿಳ್ಯಂಗಿಲ್ಲ. ಕೇಳೂದಕ್ಕಷ್ಟೇ ಆದ್ರ ಕಾರ್ಡ್ ತರೂದು ದಂಡ," ಅಂದಳು. ಅಂಗಡಿಯಾತ ಹೇಳಿದ್ದೂ ಅದೇ. ನಮ್ಮವರಿಗೆ ಹೋದ ಮರ್ಯಾದೆ ಅರ್ಧ ಮರಳಿ ಬಂತು.

ಆಮೇಲೆ ಓದಿದ್ದೇ ಓದಿದ್ದು. ಬೆಳಿಗ್ಗೆ ಬಿಸಿಲೇರುವ ಮೊದಲು ಒಂದು ಪಾಠ, ಶಾಲೆ ಶುರುವಾದ ಮೇಲೆ ಸಂಜೆ ಒಂದು. ನನಗೆ ಗಂಟಲು ಕಟ್ಟಿದಾಗ ರಾಜ್ಯಶಾಸ್ತ್ರವನ್ನು ನಮ್ಮವರು ಓದಿದರು. ಅವರ ಓದು ಗಣಿತ ಹೇಳಿಕೊಟ್ಟ ಹಾಗಿತ್ತು, ಒಂದೊಂದು ಸಾಲಿಗೆ "ತಿಳೀತೇನು?" ಅನ್ನುತ್ತಿದ್ದರು. ಹುಡುಗಿ ಅದನ್ನು ತೆಗೆಯಬೇಡಿ ಅಂದಳು. ಒಬ್ಬಳೇ ಕೂತು ಕೇಳುವಾಗ ಆಕೆ "ತಿಳೀತ್ರಿ ಸರ್" ಅಂತ ಉತ್ತರ ಕೊಡುತ್ತಿದ್ದಳಂತೆ. ಆಕೆಯ ಅಕ್ಕ ಹೇಳಿ ನಕ್ಕಳು.

ಎರಡನೇ ವರ್ಷದ ಪರೀಕ್ಷೆ ಸೇಡಂನಲ್ಲಿ. ಆಕೆ ಹೇಳಿದ್ದನ್ನು ಬರೆಯಲಿಕ್ಕೆ ಒಬ್ಬರನ್ನು ಕೊಟ್ಟಿದ್ದರು. ಮೊದಲ ದಿನ ನಾನೂ ರಜೆ ಹಾಕಿ ಜೊತೆಗೆ ಹೋಗಿದ್ದೆ. ಹೊರಗೆ ಬೇವಿನ ಗಿಡದ ಕೆಳಗೆ ಮೂರು ತಾಸು ನಿಂತೆ. ನನ್ನ ಪರೀಕ್ಷೆಗೂ ಎದೆ ಹಾಗೆ ಬಡಿದುಕೊಂಡಿರಲಿಲ್ಲ. ಹೊರಗೆ ಬಂದವಳು ನನ್ನ ಕೈ ಹುಡುಕಿ ಹಿಡಿದು, "ಬರಿಯಾಕಿ ಸಾಕ್ರಿ ಸಾಕ್ರಿ ಅಂತ ಕೈ ಝಾಡಸ್ತಿದ್ಲು. ನಂದು ಇನ್ನೂ ಮುಗದಿರಲಿಲ್ರಿ ಅಕ್ಕೋರೆ!" ಅಂದಳು.

ಫಲಿತಾಂಶ ಬಂದಾಗ ನಾನು ತರಗತಿಯಲ್ಲಿದ್ದೆ. ಕಿಟಕಿಯ ಹೊರಗೆ ಸೈಕಲ್ ನಿಲ್ಲಿಸಿ ನಮ್ಮವರು ಜೋರಾಗಿ ಕೂಗಿದರು: "ಫಸ್ಟ್ ಕ್ಲಾಸ್!" ಹೆಡ್‌ಮಾಸ್ತರರು ಏನೆಂದುಕೊಳ್ಳುತ್ತಾರೋ ಅನ್ನುವ ಭಯವೂ ಇಲ್ಲದೆ ನಾನು ಕೈಯಲ್ಲಿ ಸೀಮೆಸುಣ್ಣದ ಕಡ್ಡಿ ಹಿಡಿದೇ ಅಂಗಳಕ್ಕೆ ಓಡಿದೆ. ಮಕ್ಕಳಿಗೆ ಏನೂ ತಿಳಿಯದಿದ್ದರೂ ಹೋ ಎಂದು ಚಪ್ಪಾಳೆ ಹೊಡೆದವು.

ಸಂಜೆ ಹುಡುಗಿ ಅಕ್ಕನ ಜೊತೆ ಬಂದಳು. ಪೇಢೆ ಕೊಟ್ಟು, ಕಾಲಿಗೆ ಬಿದ್ದು, ಎದ್ದವಳೇ ಚೀಲದಿಂದ ಕೊನೆಯ ವರ್ಷದ ಐದು ಪುಸ್ತಕ ತೆಗೆದು ಇಟ್ಟಳು. ಕುರಕುಂಟಾದ ಇನ್ನೊಬ್ಬ ಹುಡುಗಿಗೂ ಇವೇ ಪುಸ್ತಕ ಬೇಕಂತೆ, ಆಕೆಗೂ ಕಣ್ಣಿಲ್ಲ, ಒಂದು ಸಿಡಿ ಹೆಚ್ಚಿಗೆ ಮಾಡಿಕೊಡುತ್ತೀರೇನು ಅಂತ ಕೇಳಿದಳು. ಅತ್ತೆ ಪೇಢೆಯನ್ನು ದೇವರ ಮುಂದಿಟ್ಟು ಬಂದು, ಕನ್ನಡಕ ಹಾಕಿಕೊಂಡು, ಮೇಲಿನ ಪುಸ್ತಕ ತಿರುಗಿಸಿ ನೋಡಿದರು. ಅದು ಅರ್ಥಶಾಸ್ತ್ರ. ಮೊದಲ ಸಾಲನ್ನು ಹರಿಕಥೆಯ ಧಾಟಿಯಲ್ಲಿ ಎತ್ತರಿಸಿ ಓದಿ, ನಮ್ಮೆಲ್ಲರ ಮುಖ ನೋಡಿದರು.

"ಇದನ್ನ ನಾ ಓದ್ತೀನಿ," ಅಂದರು. "ಆ ಮೈಕ್ ಇಲ್ಲಿ ತಾ."