ನಾಯಿಯ ಪಾಲಿನ ರೊಟ್ಟಿ

ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಜಾಣ ನಾಯಿ ಯಾರ ಮನೆಯದು ಎಂದು ಕೇಳಿ ನೋಡಿ, ನಮ್ಮ ಬಾಗಿಲ ಕಡೆ ಕೈ ತೋರಿಸುತ್ತಾರೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮಕ್ಕಳ ಮಾರ್ಕ್ಸ್ ಹೇಳಿಕೊಂಡು ತಿರುಗುವವರ ನಡುವೆ ನಾನು ನಾಯಿಯ ಬುದ್ಧಿ ಹೇಳಿಕೊಂಡು ತಿರುಗಿದರೆ ಯಾರ ಗಂಟೇನು ಹೋಗುತ್ತದೆ?

ಮೊದಲು ಅದು ಹೀಗಿರಲಿಲ್ಲ. ಬೀದಿಯಿಂದ ಎತ್ತಿ ತಂದು ಸಾಕಿದ ಕರಿ ನಾಯಿ. ನಾನು ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹುಮನಾಬಾದಿಗೆ ಹೋಗುತ್ತೇನೆ, ಅಲ್ಲಿನ ಒಂದು ಔಷಧಿ ಅಂಗಡಿಯಲ್ಲಿ ನನ್ನ ಕೆಲಸ. ಗಂಡ ಲಾರಿ ಓಡಿಸುತ್ತಾರೆ, ವಾರಗಟ್ಟಲೆ ಮನೆಯಲ್ಲಿರುವುದಿಲ್ಲ. ಹಗಲೆಲ್ಲ ಮನೆಯಲ್ಲಿ ಉಳಿಯುವವರು ಅತ್ತೆ ಮತ್ತು ನಾಯಿ. ಅದು ಮೊದಲು ಚಪ್ಪಲಿ ಕಡಿಯಿತು, ಆಮೇಲೆ ಮಂಚದ ನವಾರು. ಕೊನೆಗೆ ಅತ್ತೆ ಕೈಯಾರೆ ಹೊಲಿದಿದ್ದ ಕೌದಿಯ ಮೂಲೆಯನ್ನೇ ಹರಿದು ಹಾಕಿತು. ಅವರ ಸಹನೆ ಅಲ್ಲಿಗೆ ಮುಗಿಯಿತು.

"ಮೋರಖಂಡಿಗಿ ಕಳಸ್ತೀನಿ ಇದಕ್ಕ. ಹೊಲದಾಗ ಕಟ್ಟಿ ಹಾಕ್ಲಿ, ಕಾವಲಿಗರ ಆಗ್ತದ" ಎಂದರು.

ಮೋರಖಂಡಿಯಲ್ಲಿ ನನ್ನ ಮೈದುನ ಹೊಲ ಮಾಡುತ್ತಾನೆ. ಅವನ ಹೊಲದಲ್ಲಿ ನಾಯಿ ಎಂದರೆ ಬೇವಿನ ಮರ, ಸರಪಳಿ, ಅಷ್ಟೆ. ಭಾನುವಾರ ಬಂದು ಒಯ್ಯುವುದೆಂದು ಅತ್ತೆ ಫೋನಿನಲ್ಲೇ ನಿಕ್ಕಿ ಮಾಡಿಬಿಟ್ಟರು.

ಹುಮನಾಬಾದಿನಲ್ಲಿ ನಮ್ಮ ಅಂಗಡಿಯ ಸಾಲಿನಲ್ಲೇ ದನದ ಹಿಂಡಿ ಮಾರುವವರಿದ್ದಾರೆ. ಅವರಲ್ಲಿ ನಾಯಿ ಬಿಸ್ಕೀಟಿನ ಪಕ್ಕ ಒಂದು ಗಟ್ಟಿ ರಬ್ಬರಿನ ಆಟಿಕೆ ಕಂಡಿತು, ಒಳಗೆ ಟೊಳ್ಳು, ಒಂದು ಕಡೆ ತೂತು. ನಮ್ಮ ನಾಯಿಯ ಕಡಿಯುವ ಚಾಳಿ ಹೇಳಿ, ಇದೇನೆಂದು ಕೇಳಿದೆ.

"ಇದರಾಗ ತಿನ್ನೂದು ತುಂಬಿ ಕೊಡ್ರಿ ಅಕ್ಕಾರ" ಎಂದ ಅಂಗಡಿಯವನು. "ತಗಿಯೋದ್ರಾಗ ಅದರ ತಲಿ ಓಡ್ತದ. ಖಾಲಿ ಕುಂತದ್ದಕ್ಕೇ ಕಡಿಯಾಕತ್ತದ ಅದು."

ಖಾಲಿ ಕೂತರೆ ನನಗೇ ತಲೆ ಕೆಡುತ್ತದೆ, ಅದಕ್ಕೆ ಕೆಡಬಾರದೆ? ಕೊಂಡು ತಂದೆ.

ಎಡವಟ್ಟಾದದ್ದು ಮೊದಲ ದಿನವೇ. ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವಾಗ ಕೊನೆಗೆ ಉಳಿದ ಹಿಟ್ಟಿನ ರೊಟ್ಟಿ ನಾಯಿಯ ಪಾಲು. ಅದು ನಾಯಿಯ ಹೊಟ್ಟೆ ಸೇರುವವರೆಗೆ ಅತ್ತೆ ತುತ್ತು ಎತ್ತುವುದಿಲ್ಲ. ಕಂಡವರ ಹೊಲದಲ್ಲಿ ಕೂಲಿ ಮಾಡುತ್ತಿದ್ದ ಕಾಲದಲ್ಲೂ ಬುತ್ತಿಯ ಒಂದು ಚೂರು ನಾಯಿಗೆ ಹಾಕಿಯೇ ಉಂಡವರು. ನಾನು ಆ ರೊಟ್ಟಿಯನ್ನೇ ಮುರಿದು, ಬೆಲ್ಲ ಹಚ್ಚಿ, ಬೆರಳಿನಿಂದ ಒತ್ತಿ ಒತ್ತಿ ಆಟಿಕೆಯೊಳಗೆ ತುರುಕಿ, ನಾಯಿಯ ಮುಂದಿಟ್ಟು ಬಸ್ಸು ಹತ್ತಿದೆ.

ಮಧ್ಯಾಹ್ನ ಅತ್ತೆಯ ಫೋನು ಬಂತು. "ನಾಯಿ ಇನ್ನಾ ಉಂಡಿಲ್ಲ. ನಾ ಹ್ಯಾಂಗ ಉಣ್ಲಿ?"

"ಬ್ಯಾರೆ ರೊಟ್ಟಿ ಹಾಕ್ರಿ ಅತ್ತಿ."

"ಅದರ ಪಾಲಿಂದು ಅದರಾಗೇ ಸಿಕ್ಕೊಂಡದ. ಹಸದ ಜೀವಕ್ಕ ಕೂಳು ತೋರ್ಸಿ ಮುಚ್ಚಿಡೂದು ಯಾವ ಶಾಣ್ಯಾತನ ಬೇ?"

ಸಂಜೆ ನಾನು ಬಂದು ಚಮಚದ ಹಿಡಿಯಿಂದ ಕೆದಕಿ ತೆಗೆದ ಮೇಲೆಯೇ ಇಬ್ಬರೂ ಉಂಡರು. ನಾಯಿ ಬಾಲ ಆಡಿಸಿತು. ಅತ್ತೆ ನನ್ನ ಜೊತೆ ಮಾತು ಬಿಟ್ಟರು.

ನಾನೂ ಹಟದವಳು. ಮರುದಿನ ಬೆಲ್ಲ ಬಿಟ್ಟೆ. ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ, ಹುರಿದ ಶೇಂಗಾದ ಪುಡಿ ಕಲಸಿ, ಸಡಿಲವಾಗಿ ತುಂಬಿದೆ. ಮೇಲಿನದು ನೆಕ್ಕಿದರೆ ಬರಬೇಕು, ಒಳಗಿನದಕ್ಕೆ ತುಸು ಒದ್ದಾಡಬೇಕು. ನಾಯಿಗೆ ಹಿಡಿತ ಸಿಕ್ಕಿತು. ಅದರದು ಮುಗಿಯದೆ ಅತ್ತೆ ಉಣ್ಣುವಂತಿಲ್ಲವಲ್ಲ, ಹೀಗಾಗಿ ಅವರು ಎದುರಿಗೆ ಕೂತು ಕಾಯಲೇಬೇಕಾಯಿತು.

ಶುಕ್ರವಾರ ನಮ್ಮ ಅಂಗಡಿಗೆ ರಜೆ. ಹಿತ್ತಲಲ್ಲಿ ಬಟ್ಟೆ ಒಗೆದು ಒಳಗೆ ಬರುತ್ತಿದ್ದೆ, ಪಡಸಾಲೆಯಿಂದ ಅತ್ತೆಯ ದನಿ ಕೇಳಿಸಿತು.

"ಅಯ್ಯ, ಹಂಗಲ್ಲ. ಕಾಲಿಲೆ ಒತ್ತಿ ಹಿಡಿ. ಹಾಂ, ಈಗ ನಾಲಿಗಿ ಹಾಕು."

ನನ್ನನ್ನು ಕಂಡದ್ದೇ ಗೋಡೆ ನೋಡತೊಡಗಿದರು. ನಾನು ನಗು ನುಂಗಿಕೊಂಡು ಒಲೆಯ ಕಡೆ ಹೋದೆ. ಮಧ್ಯಾಹ್ನ ನಾಯಿ ಕೌದಿಯ ಪಕ್ಕದಲ್ಲೇ ಕಾಲು ಚಾಚಿ ಮಲಗಿತ್ತು, ಕೌದಿಗೆ ಬಾಯಿ ಹಾಕಲಿಲ್ಲ. ಶನಿವಾರ ಬೆಳಿಗ್ಗೆ ನಾನು ಆಟಿಕೆ ಹುಡುಕಿದರೆ ಅದು ಆಗಲೇ ತುಂಬಿ ತಯಾರಾಗಿತ್ತು, ತಳದಲ್ಲಿ ಬೇಯಿಸಿದ ಕುಂಬಳಕಾಯಿ ಬೇರೆ. "ನಿನಗ ತುಂಬಾಕ ಬರಂಗಿಲ್ಲ" ಎಂದರು ಅತ್ತೆ. ಮಾತು ಬಿಟ್ಟ ಮೇಲೆ ನನ್ನೊಡನೆ ಆಡಿದ ಮೊದಲ ಮಾತು ಅದು.

ಭಾನುವಾರ ಮೈದುನ ಬಂದ. ಚೀಲದಿಂದ ಸರಪಳಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ವೈನಿ, ಊಟಕ್ಕ ಹಾಕ್ರಿ, ಲಗೂನ ಹೊಂಡ್ತೀನಿ. ಬಿಸಲಾಗ್ತದ" ಎಂದ ನನ್ನ ಕಡೆ ತಿರುಗಿ.

"ಕುಂಡ್ರು" ಎಂದರು ಅತ್ತೆ. "ಅದಿನ್ನಾ ಉಣ್ಣಾಕತ್ತದ."

ಹಸಿದ ಮೈದುನನೂ ನಾವಿಬ್ಬರೂ ನಾಯಿಯನ್ನೇ ನೋಡುತ್ತ ಕೂತೆವು. ಅದು ನೆಕ್ಕಿತು, ಉರುಳಿಸಿತು, ಕಾಲಲ್ಲಿ ಒತ್ತಿ ಹಿಡಿಯಿತು. ಕೊನೆಯ ಮುದ್ದೆ ಒಳಗೇ ಕಚ್ಚಿಕೊಂಡಿತ್ತು. ಆಗ ಆಟಿಕೆಯನ್ನು ಬಾಯಲ್ಲಿ ಎತ್ತಿ ಹಾಸುಗಲ್ಲಿನ ಮೇಲೆ ಕೆಡವಿತು. ಮತ್ತೆ ಎತ್ತಿತು, ಮತ್ತೆ ಕೆಡವಿತು. ಮುದ್ದೆ ಹೊರಗೆ ಬಿತ್ತು. ಅದನ್ನು ನಾನೂ ಕಲಿಸಿರಲಿಲ್ಲ, ಅತ್ತೆಯೂ ಕಲಿಸಿರಲಿಲ್ಲ. ನನಗಂತೂ ಎದ್ದು ನಿಂತು ಓಣಿಗೆಲ್ಲ ಕೂಗಿ ಹೇಳಬೇಕೆನ್ನಿಸಿತು. ತಿಂದು ಮುಗಿಸಿ, ಖಾಲಿ ಆಟಿಕೆ ಕಚ್ಚಿಕೊಂಡು, ಅದನ್ನು ಕೊಂಡು ತಂದ ನನ್ನನ್ನು ದಾಟಿ ಹೋಗಿ ಅತ್ತೆಯ ಪಾದದ ಹತ್ತಿರ ಇಟ್ಟಿತು.

ಮೈದುನ ಸರಪಳಿ ಹಿಡಿದು ಎದ್ದ.

"ಸರಪಳಿ ಚೀಲದಾಗ ಇಡು" ಎಂದರು ಅತ್ತೆ.

"ಯಾಕವ್ವ? ನೀನೇ ಒಯ್ಯಿ ಅಂದಿದ್ದಿ."

"ಇದು ದುಡದು ಉಣ್ಣಾಕತ್ತದ. ದುಡದು ಉಣ್ಣವರಿಗಿ ಯಾರರ ಕಟ್ಟಿ ಹಾಕ್ತಾರೇನು?"

ಅತ್ತೆಯ ಬಾಯಿಂದ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ಇಷ್ಟು ವರ್ಷ ಸೊಸೆಯಾಗಿ ದುಡಿದ ನನಗೂ ಸಿಕ್ಕಿಲ್ಲ. ಮೈದುನ ಸರಪಳಿಯನ್ನು ಚೀಲಕ್ಕೆ ಹಾಕಿ ಕೈ ತೊಳೆಯಲು ಹೋದ. ಅತ್ತೆ ಆಟಿಕೆಯನ್ನು ಬಚ್ಚಲಲ್ಲಿ ತೊಳೆದು, ನಾಳೆಗೆಂದು ಕಿಟಕಿಯಲ್ಲಿ ಬಿಸಿಲಿಗಿಟ್ಟು ಬಂದು, ತಮ್ಮ ರೊಟ್ಟಿ ಮುರಿದರು.